ಸಬ್‌ಮರ್ಸಿಬಲ್: ಬೋರಿನ ಮೋಟರಿನಿಂದ ಕಡಲ ತಳದವರೆಗೆ

ನಮ್ಮ ಜಿಲ್ಲೆಯಲ್ಲಿ 'ಸಬ್‌ಮರ್ಸಿಬಲ್' ಎಂದರೆ ಒಂದೇ ಅರ್ಥ: ಬೋರಿಗೆ ಇಳಿಸುವ ಮೋಟರ್. ತಿಕೋಟಾದ ದ್ರಾಕ್ಷಿ ತೋಟವಿರಲಿ, ಬಬಲೇಶ್ವರದ ಕಬ್ಬಿನ ಹೊಲವಿರಲಿ, ಇಂಡಿಯ ಲಿಂಬೆ ಗಿಡಗಳಿರಲಿ, ಮನೆಮಂದಿಯ ವರ್ಷದ ಲೆಕ್ಕ ನಿಂತಿರುವುದು ಭೂಮಿಯೊಳಗೆ ಕಣ್ಣಿಗೆ ಕಾಣದೆ ತಿರುಗುವ ಆ ಉದ್ದನೆಯ ಕೊಳವೆಯ ಮೇಲೆ. ಅದು ಸುಟ್ಟರೆ ಊರಿನಿಂದ ಟಂಟಂನಲ್ಲಿ ಹಾಕಿಕೊಂಡು ವಿಜಯಪುರಕ್ಕೆ ತರುತ್ತಾರೆ. ವೈಂಡಿಂಗ್ ಮುಗಿಯುವ ತನಕ ರೈತ ಅಂಗಡಿ ಮುಂದಿನ ಬಾಂಕಿನ ಮೇಲೆ ಕೂತೇ ಇರುತ್ತಾನೆ.

2025ರ ಆಗಸ್ಟಿನಲ್ಲಿ ಜಲನಗರದ ಅಂಥದೊಂದು ವೈಂಡಿಂಗ್ ಅಂಗಡಿಯಲ್ಲಿ ನಾವೂ ಕೂತಿದ್ದೆವು. ಬೇರೊಂದು ಸುದ್ದಿಗಾಗಿ ಹೋಗಿದ್ದು. ಕೈಯಲ್ಲಿದ್ದ ಪತ್ರಿಕೆಯಲ್ಲಿ ಭಾರತದ ಇಬ್ಬರು ಅಟ್ಲಾಂಟಿಕ್ ಸಾಗರದ ಆಳಕ್ಕೆ ಇಳಿದು ಬಂದ ವರದಿ ಇತ್ತು. ಆಗಸ್ಟ್ 5ರಂದು ವಿಜ್ಞಾನಿ ರಾಜು ರಮೇಶ್ 4,025 ಮೀಟರ್, ಮರುದಿನ ನಿವೃತ್ತ ನೌಕಾಧಿಕಾರಿ ಜತಿಂದರ್ ಪಾಲ್ ಸಿಂಗ್ 5,002 ಮೀಟರ್. ಇಳಿದದ್ದು ಫ್ರಾನ್ಸಿನ 'ನಾಟಿಲ್' ಎಂಬ ಸಬ್‌ಮರ್ಸಿಬಲ್‌ನಲ್ಲಿ. ನಾವು ಗಟ್ಟಿಯಾಗಿ ಓದಿ ಹೇಳಿದೆವು. ಮಿಸ್ತ್ರಿ ಕಾಕಾ ತಾಮ್ರದ ತಂತಿ ಸುತ್ತುತ್ತಲೇ ಕೇಳಿದರು: "ಸರ, ಅದರ ಮೋಟರಿನ್ಯಾಗ ನೀರು ತುಂಬತಾರೋ, ಆಯಿಲ್ ತುಂಬತಾರೋ?"

ನಮಗೆ ಉತ್ತರ ಗೊತ್ತಿರಲಿಲ್ಲ. ವರದಿ ಬರೆದವರಿಗೂ ಬಹುಶಃ ಆ ಪ್ರಶ್ನೆ ಹೊಳೆದಿರಲಿಕ್ಕಿಲ್ಲ. ಆದರೆ ಆಳ ಸಮುದ್ರದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗಿದೆ ಎಂಬುದು ಓದುತ್ತಾ ಹೋದಂತೆ ತಿಳಿಯಿತು. ಈ ಬರಹ ಕಾಕಾನಿಗೆ ಕೊಡಬೇಕಾಗಿದ್ದ ಉತ್ತರ.

ಒತ್ತಡದ ಲೆಕ್ಕ ನಮಗೆ ಹೊಸದಲ್ಲ

ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಆದರೂ ನೀರಿನ ಒತ್ತಡ ಎಂಬ ವಿಷಯದಲ್ಲಿ ವಿಜಯಪುರ ಅನುಭವಸ್ಥ ಊರು. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ಸುರಂಗದ ಮೂಲಕ ನೀರು ತಂದರು. 1620ರಲ್ಲಿ ತಾಜ್ ಬಾವಡಿ ಆಯಿತು. 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹ ಬೇಗಂ ತಲಾಬ್ ಕಟ್ಟಿಸಿ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಹರಿಸಿದ. ಮಣ್ಣಿನ ಕೊಳವೆಗೆ ಒತ್ತಡ ಹೆಚ್ಚಾದರೆ ಒಡೆಯುತ್ತದೆ. ಅದಕ್ಕಾಗಿ ದಾರಿಯುದ್ದಕ್ಕೂ 'ಗಂಜ್' ಎಂಬ ನೀರಿನ ಗೋಪುರಗಳನ್ನು ಕಟ್ಟಿದರು. ಕೊಳವೆಯ ನೀರು ಗೋಪುರಕ್ಕೆ ಏರಿ, ಒತ್ತಡ ಇಳಿದು, ಕಸ ತಳದಲ್ಲಿ ನಿಂತು, ಮುಂದಿನ ಕೊಳವೆಗೆ ಹೋಗುತ್ತಿತ್ತು. ಅವುಗಳಲ್ಲಿ ಕೆಲವು ಇಂದಿಗೂ ಊರೊಳಗೆ ನಿಂತಿವೆ. ನಾವು ಅವುಗಳ ಪಕ್ಕದಲ್ಲಿ ಬೈಕ್ ನಿಲ್ಲಿಸಿ ಚಹಾ ಕುಡಿಯುತ್ತೇವೆ.

ಗಂಜ್ ಕಟ್ಟಿದವರ ತತ್ತ್ವ ಸರಳ: ಒತ್ತಡದ ಜೊತೆ ಗುದ್ದಾಡಬೇಡ, ಅದಕ್ಕೆ ದಾರಿ ಮಾಡಿಕೊಡು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕಡಲ ತಳದಲ್ಲಿ ಮತ್ತೆ ಸಿಗುತ್ತದೆ.

ನೆಲದಾಳಕ್ಕೆ ಇಳಿದ ಕರೆಂಟು

ಶಿವನಸಮುದ್ರದ ವಿದ್ಯುತ್ತು ಮೊದಲು ದುಡಿದದ್ದು ಅರಮನೆಗಾಗಿ ಅಲ್ಲ, ಆಳದ ಗಣಿಗಾಗಿ. 1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. ಅಷ್ಟು ದೂರ ಸಾಗಿಸುವುದು ಆ ಕಾಲಕ್ಕೆ ಜಗತ್ತಿನ ದೊಡ್ಡ ಸಾಹಸಗಳಲ್ಲೊಂದು. ಮುಂದೆ ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಆಳದಲ್ಲಿ ನೀರು ಜಿನುಗುವುದು ನಿಲ್ಲುವುದಿಲ್ಲ, ಪಂಪುಗಳೂ ನಿಲ್ಲುವಂತಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಪಂಪು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಆಳದಲ್ಲಿ ಎಲೆಕ್ಟ್ರಿಕಲ್ ಕೆಲಸ ಎಂದರೆ ಏನು ಎಂಬುದನ್ನು ಕನ್ನಡ ನಾಡು ಹೀಗೆ ಮೊದಲು ಕಲಿತದ್ದು ಕೋಲಾರದಲ್ಲಿ.

ಆದರೆ ಗಣಿಯಲ್ಲಿ ಪಂಪನ್ನು ಒಣ ಜಾಗದಲ್ಲಿ ಕೂರಿಸಬಹುದು. ಮೋಟರನ್ನೇ ನೀರಿನಲ್ಲಿ ಮುಳುಗಿಸುವುದು ಬೇರೆ ಮಾತು.

ಅರುಟುನಾಫ್ ಎಂಬ ಮನುಷ್ಯ

ಮುಳುಗಿದ ಮೋಟರಿನ ಕಥೆಯಲ್ಲಿ ಮುಖ್ಯ ಹೆಸರು ಅರ್ಮಾಯಿಸ್ ಅರುಟುನಾಫ್. ಇಂದಿನ ಜಾರ್ಜಿಯಾದ ಟಿಬಿಲಿಸಿಯಲ್ಲಿ 1893ರಲ್ಲಿ ಹುಟ್ಟಿದ ಅರ್ಮೇನಿಯನ್ ಎಂಜಿನಿಯರ್. ನೀರಿನಲ್ಲಿ ಮುಳುಗಿಯೇ ತಿರುಗುವ ಎಲೆಕ್ಟ್ರಿಕ್ ಮೋಟರ್ ಮಾಡಬಹುದು ಎಂದು ಮೊದಲ ಮಹಾಯುದ್ಧದ ಕಾಲದಲ್ಲೇ ಹಟ ಹಿಡಿದವನು. ರಷ್ಯಾ ಬಿಟ್ಟು ಜರ್ಮನಿಗೆ, 1923ರಲ್ಲಿ ಅಲ್ಲಿಂದ ಅಮೆರಿಕಕ್ಕೆ ಹೋದ. ಕೊನೆಗೆ ಓಕ್ಲಹೋಮಾದ ಬಾರ್ಟಲ್ಸ್‌ವಿಲ್ ಎಂಬಲ್ಲಿ ಒಂದು ಎಣ್ಣೆ ಕಂಪನಿ ಅವನಿಗೆ ಜಾಗ ಕೊಟ್ಟಿತು. 1920ರ ದಶಕದ ಕೊನೆಗೆ ಅವನ ಪಂಪು ಕಾನ್ಸಾಸ್‌ನ ಎಣ್ಣೆ ಬಾವಿಯೊಂದರಲ್ಲಿ ತಿರುಗಿತು. ಅವನ ಕಂಪನಿಯ ಹೆಸರು 'ರೇಡಾ'. ಅರುಟುನಾಫನ ರಷ್ಯನ್ ಎಲೆಕ್ಟ್ರಿಕಲ್ ಡೈನಮೋ ಎಂಬುದರ ಚಿಕ್ಕ ರೂಪ.

ಅವನು ಮಾಡಿದ್ದು ಇಷ್ಟು: ತೆಳ್ಳನೆಯ ಉದ್ದ ಮೋಟರಿನ ಒಳಗೆ ಎಣ್ಣೆ ತುಂಬಿದ. ಹೊರಗಿನ ಒತ್ತಡ ಎಷ್ಟಿದೆಯೋ ಒಳಗಿನ ಎಣ್ಣೆಯ ಒತ್ತಡವೂ ಅಷ್ಟೇ ಆಗುವಂತೆ ನಡುವೆ ಒಂದು ಭಾಗ ಇಟ್ಟ. ಎರಡೂ ಕಡೆ ಒತ್ತಡ ಸಮನಾದರೆ ಸೀಲಿನ ಮೇಲೆ ಭಾರ ಇಲ್ಲ, ನೀರಿಗೆ ಒಳನುಗ್ಗುವ ಹಟವೂ ಇಲ್ಲ. ನಮ್ಮ ಗಂಜ್ ಕಟ್ಟಿದವರ ಮಾತೇ ಇದು, ಬೇರೆ ಭಾಷೆಯಲ್ಲಿ.

ನಮ್ಮ ಬೋರಿನ ಮೋಟರಿನಲ್ಲೂ ಅದೇ ಉಪಾಯ ಇದೆ. ಬಿಚ್ಚಿದ ಮೋಟರಿನ ತಳದಲ್ಲಿ ಒಂದು ರಬ್ಬರಿನ ಪದರ ಕಾಣುತ್ತದೆ. ಒಳಗೆ ತುಂಬಿದ ನೀರು ಬಿಸಿಯಾಗಿ ಹಿಗ್ಗಿದಾಗ, ಹೊರಗಿನ ನೀರು ಒತ್ತಿದಾಗ, ಅದು ಉಬ್ಬಿ ತಗ್ಗಿ ಎರಡನ್ನೂ ಸಮ ಮಾಡುತ್ತದೆ. ಇಳಿಸುವ ಮೊದಲು ಶುದ್ಧ ನೀರು ತುಂಬಿ, ಗಾಳಿ ಹೊರಗೆ ಬಿಡಬೇಕು ಎಂದು ಮಿಸ್ತ್ರಿಗಳು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಒಳಗೆ ಗಾಳಿ ಉಳಿದರೆ ಬೇರಿಂಗಿಗೆ ನೀರಿನ ಆಸರೆ ಸಿಗುವುದಿಲ್ಲ.

ಬೋರು ಬಂದ ದಾರಿ

ನಮ್ಮ ಕಡೆ ಹಿರಿಯರು ಕಾಲವನ್ನು ಎರಡು ಭಾಗ ಮಾಡುತ್ತಾರೆ: ಎಪ್ಪತ್ತೆರಡರ ಬರದ ಮೊದಲು, ಎಪ್ಪತ್ತೆರಡರ ಬರದ ನಂತರ. ಅದಕ್ಕೂ ಮೊದಲು ನೀರೆಂದರೆ ತೆರೆದ ಬಾವಿ, ಮಟ್ಟಿ, ಎತ್ತು. ನಮ್ಮದು ಕಪ್ಪು ಮಣ್ಣಿನ ಕೆಳಗೆ ಲಾವಾ ಬಂಡೆಯ ನೆಲ. ಬಿರುಕಿದ್ದಲ್ಲಿ ನೀರು, ಇಲ್ಲದಿದ್ದಲ್ಲಿ ಬರೀ ಕಲ್ಲು. ಕೈಯಿಂದ ಅಗೆದು ಎಷ್ಟು ಆಳ ಹೋಗಲಾದೀತು? ಗಟ್ಟಿ ಬಂಡೆಯನ್ನು ಗಾಳಿಯ ಒತ್ತಡದ ಸುತ್ತಿಗೆಯಿಂದ ಕೊರೆಯುವ ರಿಗ್‌ಗಳು ದೇಶಕ್ಕೆ ಬಂದದ್ದು 1960ರ ದಶಕದ ಕೊನೆಗೆ. ಮೊದಲು ಬೋರಿಗೆ ಕೈಪಂಪು ಕೂರಿಸಿದರು. ದೇಶವೆಲ್ಲ ತಿಳಿದಿರುವ 'ಇಂಡಿಯಾ ಮಾರ್ಕ್ 2' ಕೈಪಂಪಿನ ಮೂಲ ಮಾದರಿ ನಮ್ಮ ಪಕ್ಕದ ಸೋಲಾಪುರದಲ್ಲಿ ತಯಾರಾದ ಪಂಪು ಎಂಬುದು ನಮ್ಮವರಿಗೇ ಗೊತ್ತಿಲ್ಲ.

ಮೋಟರಿನ ಉದ್ಯಮ ಬೆಳೆದದ್ದು ಬೇರೆ ಬೇರೆ ಕಡೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿ, ಕಬ್ಬಿಣದ ನೇಗಿಲು ಮಾಡಿ, ಪಂಪಿನ ತನಕ ಬಂದರು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಹುಟ್ಟಿತು. ಅತ್ತ ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಮತ್ತವರ ಸಂಗಡಿಗರು 1937ರಲ್ಲೇ ದೇಶಿ ಮೋಟರ್ ಮಾಡಿದ್ದರು. ಆ ಊರೇ ಮುಂದೆ ಪಂಪಿನ ಊರಾಯಿತು. ತಮಿಳುನಾಡಿನ ತಿರುಚೆಂಗೋಡಿನ ರಿಗ್ ಲಾರಿಗಳು ನಮ್ಮ ಹಳ್ಳಿಗಳ ದಾರಿ ಹಿಡಿದವು. 2008ರಲ್ಲಿ ಸರ್ಕಾರ 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಎಂದಿತು. ನೂರು ಅಡಿಯ ಬೋರು ಮುನ್ನೂರಾಯಿತು, ಆರುನೂರಾಯಿತು, ಸಾವಿರ ದಾಟಿತು. ಸಾವಿರ ಅಡಿ ಎಂದರೆ ಸುಮಾರು 300 ಮೀಟರ್.

ಈ ಮುನ್ನೂರು ಮೀಟರಿನ ಅಳತೆ ಹಿಡಿದುಕೊಂಡು ಈಗ ಕಡಲಿಗೆ ಹೋಗೋಣ.

ಕಬ್ಬಿಣದ ಗುಂಡು, ರಬ್ಬರಿನ ಕೇಬಲ್

ಮನುಷ್ಯ ವಿದ್ಯುತ್ ಹಿಡಿದುಕೊಂಡು ಆಳ ಸಮುದ್ರಕ್ಕೆ ಇಳಿದದ್ದು 1930ರಲ್ಲಿ, ಅಟ್ಲಾಂಟಿಕ್‌ನ ಬರ್ಮುಡಾ ದ್ವೀಪದ ಬಳಿ. ಜೀವವಿಜ್ಞಾನಿ ವಿಲಿಯಂ ಬೀಬ್ ಮತ್ತು ಎಂಜಿನಿಯರ್ ಓಟಿಸ್ ಬಾರ್ಟನ್, ಇಬ್ಬರು ಮುದುಡಿ ಕೂರುವಷ್ಟು ಜಾಗದ ಉಕ್ಕಿನ ಗುಂಡೊಂದರಲ್ಲಿ ಕೂತು ಇಳಿದರು. ಅದರ ಹೆಸರು 'ಬ್ಯಾಥಿಸ್ಫಿಯರ್'. ಮೇಲಿನ ಹಡಗಿನಿಂದ ಉಕ್ಕಿನ ಹಗ್ಗದಲ್ಲಿ ಅದನ್ನು ಇಳಿಬಿಟ್ಟಿದ್ದರು. ಜೊತೆಗೆ ರಬ್ಬರ್ ಹೊದಿಕೆಯ ಒಂದು ಕೇಬಲ್, ಅದರಲ್ಲಿ ದೀಪಕ್ಕೆ ಎರಡು ತಂತಿ, ಫೋನಿಗೆ ಎರಡು ತಂತಿ. ಕೇಬಲ್ ಗುಂಡಿನೊಳಗೆ ಹೋಗುವ ತೂತನ್ನು ಗ್ಲ್ಯಾಂಡ್ ಪ್ಯಾಕಿಂಗ್ ಹಾಕಿ ಬಿಗಿದಿದ್ದರು. ನಮ್ಮ ಹಳೆಯ ಮೋನೋಬ್ಲಾಕ್ ಪಂಪಿನ ಶಾಫ್ಟಿಗೆ ಹಾಕುವ ಹಾಗೆಯೇ.

ತೊಂದರೆ ಬಂದದ್ದೂ ಅಲ್ಲಿಯೇ. ಖಾಲಿ ಗುಂಡನ್ನು ಪರೀಕ್ಷೆಗೆ ಇಳಿಸಿದಾಗ ಸಮುದ್ರದ ಒತ್ತಡ ಆ ತೂತಿನ ಮೂಲಕ ಹಲವು ಅಡಿ ಕೇಬಲನ್ನು ಒಳಕ್ಕೆ ತಳ್ಳಿಬಿಟ್ಟಿತ್ತು. ಇನ್ನೊಮ್ಮೆ ಕಿಟಕಿಯ ಸೀಲು ಸೋತು ಗುಂಡು ನೀರಿನಿಂದ ತುಂಬಿಯೇ ಮೇಲೆ ಬಂತು. ಒಳಗೆ ಜನ ಇರಲಿಲ್ಲ, ಅದೇ ಪುಣ್ಯ. 1934ರ ಆಗಸ್ಟ್‌ನಲ್ಲಿ ಅವರಿಬ್ಬರು 923 ಮೀಟರ್ ಮುಟ್ಟಿದರು. ನಮ್ಮ ಸಾವಿರ ಅಡಿಯ ಬೋರಿನ ಮೂರು ಪಟ್ಟು.

ಮುಂದಿನ ದೊಡ್ಡ ಹೆಜ್ಜೆ 1960ರ ಜನವರಿ 23. ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಷ್ 'ಟ್ರಿಯೆಸ್ಟ್' ಎಂಬ ವಾಹನದಲ್ಲಿ ಪೆಸಿಫಿಕ್‌ನ ಮರಿಯಾನ ಕಂದಕದ ತಳ ಮುಟ್ಟಿದರು. ಸುಮಾರು 10,900 ಮೀಟರ್. ಅದಕ್ಕೆ ಹಗ್ಗ ಇರಲಿಲ್ಲ. ತೇಲಲು ಪೆಟ್ರೋಲ್ ತುಂಬಿದ ದೊಡ್ಡ ತೊಟ್ಟಿ, ಮುಳುಗಲು ಟನ್‌ಗಟ್ಟಲೆ ಕಬ್ಬಿಣದ ಗುಂಡು. ಇಲ್ಲಿ ಎಲೆಕ್ಟ್ರಿಕಲ್ ಬುದ್ಧಿವಂತಿಕೆ ಒಂದಿದೆ. ಆ ಕಬ್ಬಿಣದ ಗುಂಡುಗಳನ್ನು ಹಿಡಿದಿಟ್ಟದ್ದು ವಿದ್ಯುತ್ ಕಾಂತ. ಕರೆಂಟ್ ಇರುವ ತನಕ ಗುಂಡು ಬೀಳುವುದಿಲ್ಲ. ಕರೆಂಟ್ ಹೋದರೆ ತಾನಾಗಿಯೇ ಬೀಳುತ್ತದೆ, ವಾಹನ ಹಗುರಾಗಿ ಮೇಲೇರುತ್ತದೆ. ಕರೆಂಟ್ ಹೋದಾಗ ಏನಾಗಬೇಕು ಎಂಬುದನ್ನು ಮೊದಲು ಯೋಚಿಸಿ, ಕರೆಂಟ್ ಇದ್ದಾಗ ಏನಾಗಬೇಕು ಎಂಬುದನ್ನು ಆಮೇಲೆ ಯೋಚಿಸಿದ್ದರು. ಕರೆಂಟ್ ಹೋಗುವುದು ದಿನದ ಮಾತಾಗಿರುವ ನಮ್ಮ ಕಡೆಯವರಿಗೆ ಇದರ ಬೆಲೆ ಗೊತ್ತು.

ಉತ್ತರ: ಆಯಿಲ್

1964ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯ 'ಆಲ್ವಿನ್' ಬಂತು. ಇಂದಿನ ಸಂಶೋಧನಾ ಸಬ್‌ಮರ್ಸಿಬಲ್‌ಗಳ ಹಿರಿಯಣ್ಣ ಇದೇ. ಜಲಾಂತರ್ಗಾಮಿಗೂ ಇದಕ್ಕೂ ವ್ಯತ್ಯಾಸ ಇದೆ. ಜಲಾಂತರ್ಗಾಮಿ ತಿಂಗಳುಗಟ್ಟಲೆ ತಾನೇ ತಿರುಗುವ ಯುದ್ಧನೌಕೆ, ಕೆಲವು ನೂರು ಮೀಟರ್ ಆಳ ಅದಕ್ಕೆ ಸಾಕು. ಸಬ್‌ಮರ್ಸಿಬಲ್ ಚಿಕ್ಕದು, ಹಡಗಿನ ಮೇಲಿಂದ ಇಳಿಯುತ್ತದೆ, ಒಂದು ದಿನದ ಕೆಲಸ ಮುಗಿಸಿ ಹಡಗಿಗೇ ಮರಳುತ್ತದೆ, ಆದರೆ ಸಾವಿರಾರು ಮೀಟರ್ ಇಳಿಯುತ್ತದೆ.

ಅದರಲ್ಲಿ ಜನ ಕೂರುವ ಗೋಳ ಮಾತ್ರ ನಮ್ಮ ಮನೆಯ ಹಾಗೆ ಸಾಮಾನ್ಯ ಗಾಳಿ ಒತ್ತಡದಲ್ಲಿರುತ್ತದೆ. ಉಳಿದದ್ದೆಲ್ಲ, ಎಂದರೆ ಮೋಟರ್, ಬ್ಯಾಟರಿ ಪೆಟ್ಟಿಗೆ, ಕೇಬಲ್ ಕೂಡುವ ಡಬ್ಬಿ, ಗೋಳದ ಹೊರಗೆ. ಅವನ್ನೆಲ್ಲ ಗಟ್ಟಿ ಪೆಟ್ಟಿಗೆಯಲ್ಲಿ ಇಡಲು ಹೋದರೆ ವಾಹನವೇ ಏಳಲಾರದಷ್ಟು ಭಾರವಾದೀತು. ಆದ್ದರಿಂದ ತೆಳ್ಳನೆಯ ಪೆಟ್ಟಿಗೆಯಲ್ಲಿಟ್ಟು ಕರೆಂಟ್ ಹರಿಯದ ಎಣ್ಣೆ ತುಂಬುತ್ತಾರೆ. ಪಕ್ಕದಲ್ಲಿ ಒಂದು ರಬ್ಬರಿನ ಚೀಲ. ಸಮುದ್ರ ಚೀಲವನ್ನು ಒತ್ತಿದಷ್ಟು ಒಳಗಿನ ಎಣ್ಣೆಯೂ ಒತ್ತಡಕ್ಕೆ ಬರುತ್ತದೆ. ಒಳಗೆ ಹೊರಗೆ ಸಮ. ನೀರು ನುಗ್ಗುವುದಿಲ್ಲ, ಪೆಟ್ಟಿಗೆ ಸಪ್ಪಟೆಯಾಗುವುದಿಲ್ಲ. ಸಮುದ್ರದ ನೀರು ಉಪ್ಪುನೀರು, ಕರೆಂಟ್ ಅದರಲ್ಲಿ ಬೋರಿನ ನೀರಿಗಿಂತ ಬಹಳ ಸಲೀಸಾಗಿ ಹರಿಯುತ್ತದೆ. ಬೋರಿನ ಮೋಟರಿನ ಹಾಗೆ ಒಳಗೆ ನೀರು ತುಂಬಿ ನಂಬುವ ಹಾಗಿಲ್ಲ.

ಕಾಕಾನ ಪ್ರಶ್ನೆಗೆ ಉತ್ತರ ಇದೇ: ಆಯಿಲ್. ಅರುಟುನಾಫನ ಎಣ್ಣೆ ಬಾವಿಯ ಮೋಟರ್ ಮತ್ತು ಸಾಗರದ ಸಬ್‌ಮರ್ಸಿಬಲ್ ಒಂದೇ ಬಳಗದವು. ಜಲನಗರದ ಅಂಗಡಿಯಲ್ಲಿ ಬಿಚ್ಚಿಟ್ಟ ಮೋಟರ್ ಅವುಗಳ ಬಡ ತಮ್ಮ.

1968ರ ಅಕ್ಟೋಬರಿನಲ್ಲಿ ಇಳಿಸುವಾಗ ಹಗ್ಗ ಹರಿದು ಆಲ್ವಿನ್ ಸುಮಾರು 1,500 ಮೀಟರ್ ಆಳಕ್ಕೆ ಬಿತ್ತು. ಒಳಗಿದ್ದವರು ಜಿಗಿದು ಬದುಕಿದರು. ಮುಂದಿನ ವರ್ಷ ಅದನ್ನು ಎತ್ತಿ, ತೊಳೆದು, ರಿಪೇರಿ ಮಾಡಿ ಮತ್ತೆ ಇಳಿಸಿದರು. 1977ರಲ್ಲಿ ಅದೇ ಆಲ್ವಿನ್ ಗಲಪಗೋಸ್ ದ್ವೀಪಗಳ ಹತ್ತಿರ ಸಮುದ್ರ ತಳದ ಬಿಸಿನೀರಿನ ಬುಗ್ಗೆಗಳನ್ನೂ, ಸೂರ್ಯನ ಬೆಳಕಿಲ್ಲದೆ ಅಲ್ಲಿ ಬದುಕುವ ಜೀವಿಗಳನ್ನೂ ತೋರಿಸಿತು. ಬೆಳಕಿಲ್ಲದೆ ಜೀವಜಗತ್ತು ಇರಲಾರದು ಎಂಬ ನಂಬಿಕೆ ಅಂದು ಮುರಿಯಿತು.

ಎಂಜಿನಿಯರ್ ಮಾಡುವುದೇನು?

ಆಳದ ಲೆಕ್ಕ ಸುಲಭ. ಪ್ರತಿ ಹತ್ತು ಮೀಟರ್ ನೀರಿಗೆ ಒಂದು ಚದರ ಸೆಂಟಿಮೀಟರ್ ಮೇಲೆ ಒಂದು ಕಿಲೋ ಭಾರ. ನೀರು ತುಂಬಿದ ಸಾವಿರ ಅಡಿಯ ಬೋರಿನ ತಳದಲ್ಲಿ ಸುಮಾರು 30 ಕಿಲೋ. 6,000 ಮೀಟರ್ ಕಡಲಲ್ಲಿ ಸುಮಾರು 600 ಕಿಲೋ. ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಒಂದು ದೊಡ್ಡ ಎಮ್ಮೆ ನಿಂತ ಹಾಗೆ.

ಇಂಥಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್‌ನ ಮೊದಲ ಚಿಂತೆ ತೂತು. ಹೊರಗಿನ ಬ್ಯಾಟರಿಯ ಕರೆಂಟ್ ಗೋಳದ ಒಳಗೆ ಬರಬೇಕು, ಒಳಗಿನ ಆಜ್ಞೆ ಹೊರಗಿನ ಮೋಟರಿಗೆ ಹೋಗಬೇಕು. ಪ್ರತಿ ತಂತಿಗೂ ಗೋಳದಲ್ಲಿ ತೂತು ಕೊರೆದರೆ ಗೋಳವೇ ದುರ್ಬಲ. ಆದ್ದರಿಂದ ಕೆಲವೇ ತೂತು, ಅವುಗಳಲ್ಲಿ ಎಷ್ಟು ತಂತಿ ಕೂರಿಸಬಹುದು ಎಂಬ ಲೆಕ್ಕ.

ಎರಡನೆಯ ಚಿಂತೆ ಲೀಕ್. ಇಳಿಸುವ ಮೊದಲು ಪ್ರತಿ ಸರ್ಕ್ಯೂಟಿನ ಇನ್ಸುಲೇಷನ್ ಅಳೆಯುತ್ತಾರೆ, ನಮ್ಮ ಮಿಸ್ತ್ರಿಗಳು ಮೆಗ್ಗರ್ ಹಿಡಿದು ನೋಡುವ ಹಾಗೆ. ಇಳಿಯುತ್ತಿರುವಾಗಲೂ ಯಾವ ತಂತಿ ನೀರಿಗೆ ಕರೆಂಟ್ ಬಿಡುತ್ತಿದೆ ಎಂದು ಒಂದು ಉಪಕರಣ ಕಾಯುತ್ತಲೇ ಇರುತ್ತದೆ. ಮೇಲೆ ಬಂದ ಮೇಲೆ ಉಪ್ಪು ತೊಳೆದು, ಕನೆಕ್ಟರ್ ಬಿಚ್ಚಿ, ಎಣ್ಣೆಯಲ್ಲಿ ನೀರು ಬೆರೆತಿದೆಯೇ ಎಂದು ನೋಡಬೇಕು. "ಬಾಳ ಸಲ ಮೋಟರ್ ಕೆಡೂದಿಲ್ರಿ, ಜಾಯಿಂಟ್ ಕೆಡತದ" ಎಂದು ಕಾಕಾ ಅಂದಿದ್ದರು. ಆಳ ಸಮುದ್ರದಲ್ಲೂ ಕೇಬಲ್ ಮತ್ತು ಕನೆಕ್ಟರ್ ಕೂಡುವ ಜಾಗವೇ ದೊಡ್ಡ ತಲೆನೋವು.

ಮೂರನೆಯದು ವೋಲ್ಟೇಜ್. ಉದ್ದ ಕೇಬಲಿನಲ್ಲಿ ವೋಲ್ಟೇಜ್ ಬೀಳುತ್ತದೆ, ಲೋ ವೋಲ್ಟೇಜಿಗೆ ಮೋಟರ್ ಸುಡುತ್ತದೆ. ಇದು ನಮ್ಮ ರೈತರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಜನ ಇಲ್ಲದೆ ಕೇಬಲ್ ಕಟ್ಟಿ ಇಳಿಸುವ ಯಂತ್ರಗಳಿಗೆ ಆರು ಕಿಲೋಮೀಟರ್‌ಗೂ ಉದ್ದದ ಕೇಬಲ್ ಬೇಕು. ಅದಕ್ಕಾಗಿ ಹಡಗಿನಿಂದ ಸಾವಿರಾರು ವೋಲ್ಟ್‌ನಲ್ಲಿ ಕಳಿಸಿ, ತಳದಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು ಇಳಿಸಿಕೊಳ್ಳುತ್ತಾರೆ. ಜನ ಕೂರುವ ಸಬ್‌ಮರ್ಸಿಬಲ್‌ಗೆ ಕೇಬಲ್ ಇಲ್ಲ, ಬ್ಯಾಟರಿಯೇ ಗತಿ. ದೀಪ, ಕ್ಯಾಮೆರಾ, ಮೋಟರ್, ಉಸಿರಾಟದ ವ್ಯವಸ್ಥೆ, ಎಲ್ಲಕ್ಕೂ ಹಂಚಿ ಉಳಿಸಬೇಕು.

ನಾಲ್ಕನೆಯದು ಮಾತು. ರೇಡಿಯೋ ಅಲೆ ಉಪ್ಪುನೀರಿನಲ್ಲಿ ಸಾಯುತ್ತದೆ, ಮೊಬೈಲ್ ಮಾತೇ ಇಲ್ಲ. ಶಬ್ದ ಮಾತ್ರ ಹೋಗುತ್ತದೆ, ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ. 6,000 ಮೀಟರ್ ಕೆಳಗಿನ ಮಾತು ಹಡಗಿಗೆ ಮುಟ್ಟಲು ನಾಲ್ಕು ಸೆಕೆಂಡ್, ಉತ್ತರ ಬರಲು ಇನ್ನು ನಾಲ್ಕು. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಮಾತು ಸುತ್ತಿ ಬರುವುದನ್ನು ಕೇಳಿ ಬೆಳೆದ ನಮಗೆ ಆ ಕಾಯುವಿಕೆ ಊಹಿಸುವುದು ಕಷ್ಟವಲ್ಲ.

ಭಾರತ ಇಳಿದ ಬಗೆ

1981ರ ಜನವರಿ 26ರಂದು 'ಗವೇಷಣಿ' ಎಂಬ ಸಂಶೋಧನಾ ಹಡಗು ಅರಬ್ಬೀ ಸಮುದ್ರದ ತಳದಿಂದ ಆಲೂಗಡ್ಡೆಯಂಥ ಕಪ್ಪು ಗಂಟುಗಳನ್ನು ಎತ್ತಿತು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಕೆಲಸವದು. ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇರುವ ಗಂಟುಗಳು. 1987ರಲ್ಲಿ ಹಿಂದೂ ಮಹಾಸಾಗರದ ಮಧ್ಯದಲ್ಲಿ 1,50,000 ಚದರ ಕಿಲೋಮೀಟರ್ ಜಾಗದ ಶೋಧನೆಯ ಹಕ್ಕು ಭಾರತಕ್ಕೆ ಸಿಕ್ಕಿತು. ಅರ್ಧ ಬಿಟ್ಟುಕೊಟ್ಟು ಈಗ 75,000 ಚದರ ಕಿಲೋಮೀಟರ್ ಉಳಿಸಿಕೊಂಡಿದೆ. ಅಲ್ಲಿ ಆಳ ಐದು ಸಾವಿರ ಮೀಟರಿಗೂ ಹೆಚ್ಚು.

1993ರಲ್ಲಿ ಚೆನ್ನೈನಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಶುರುವಾಯಿತು. ಅದರ ಎಂಜಿನಿಯರುಗಳು ಮಾಡಿದ 'ರೋಸಬ್ 6000' ಎಂಬ ಮಾನವರಹಿತ ಯಂತ್ರ 2010ರಲ್ಲಿ 5,289 ಮೀಟರ್ ಆಳಕ್ಕೆ ಹೋಗಿ ಬಂತು. 2021ರಲ್ಲಿ 'ವರಾಹ' ಎಂಬ ತೆವಳುವ ಯಂತ್ರ 5,270 ಮೀಟರ್ ಆಳದ ನೆಲದಲ್ಲಿ ಓಡಾಡಿತು. ಅದೇ ವರ್ಷ ಜೂನ್‌ನಲ್ಲಿ ಕೇಂದ್ರ ಸಂಪುಟ 4,077 ಕೋಟಿ ರೂಪಾಯಿಯ ಆಳ ಸಾಗರ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಆ ಯೋಜನೆಯ ಕೂಸು 'ಮತ್ಸ್ಯ 6000'. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಬೇಕಾದ ವಾಹನ. ಗೋಳದ ಒಳವ್ಯಾಸ 2.1 ಮೀಟರ್, ಟೈಟಾನಿಯಂ ಗೋಡೆಯ ದಪ್ಪ 80 ಮಿಲಿಮೀಟರ್. 6,000 ಮೀಟರಿನಲ್ಲಿ ಇಡೀ ಗೋಳದ ಮೇಲಿನ ಭಾರ ಕೂಡಿಸಿದರೆ ಸುಮಾರು 96 ಸಾವಿರ ಟನ್ ಆಗುತ್ತದೆ. ಮಾಮೂಲಿ ಕೆಲಸ 12 ಗಂಟೆ, ಆಪತ್ತು ಬಂದರೆ 96 ಗಂಟೆ ಜೀವ ಹಿಡಿದಿಡುವ ವ್ಯವಸ್ಥೆ. ಟೈಟಾನಿಯಂ ಗೋಳ ಬೆಸೆಯುವ ವಿದ್ಯೆಗೆ ಇಸ್ರೋ ಕೈಜೋಡಿಸಿದೆ. 2021ರ ಅಕ್ಟೋಬರಿನಲ್ಲಿ ಮೊದಲು ಉಕ್ಕಿನ ಗೋಳವನ್ನು ಬಂಗಾಳ ಕೊಲ್ಲಿಯಲ್ಲಿ ಇಳಿಸಿ ನೋಡಿದರು. 2025ರ ಜನವರಿ ಕೊನೆ ಮತ್ತು ಫೆಬ್ರವರಿಯಲ್ಲಿ ಚೆನ್ನೈ ಬಳಿಯ ಕಾಟುಪಳ್ಳಿ ಬಂದರಿನ ನೀರಿನಲ್ಲಿ ಜನ ಕೂರದೆ ಐದು ಸಲ, ಜನ ಕೂತು ಐದು ಸಲ ಮುಳುಗಿಸಿ ಪರೀಕ್ಷಿಸಿದರು. ಹೀಗೆ ಮೊದಲು ಬಂದರು, ಆಮೇಲೆ ಕಡಿಮೆ ಆಳ, ಆಮೇಲೆ ಪೂರ್ತಿ ಆಳ. ಆಗಸ್ಟಿನ ನಾಟಿಲ್ ಇಳಿತ ಅದಕ್ಕೆ ಬೇಕಾದ ತಾಲೀಮು.

ಅವಸರದ ಬೆಲೆ

ಇಷ್ಟು ನಿಧಾನ ಯಾಕೆ ಎಂದು ಕೇಳುವವರಿಗೆ 2023ರ ಜೂನ್ 18 ಉತ್ತರ. ಅಂದು ಟೈಟಾನಿಕ್ ಅವಶೇಷ ನೋಡಲು ಇಳಿದ 'ಟೈಟನ್' ಎಂಬ ಖಾಸಗಿ ಸಬ್‌ಮರ್ಸಿಬಲ್ ಒತ್ತಡಕ್ಕೆ ಸಿಕ್ಕಿ ಕುಸಿದು ಐವರು ಸತ್ತರು. ಜನ ಕೂರುವ ಭಾಗವನ್ನು ಕಾರ್ಬನ್ ನೂಲಿನಿಂದ ಮಾಡಿದ್ದರು. ಯಾವ ಸ್ವತಂತ್ರ ಸಂಸ್ಥೆಯ ಪ್ರಮಾಣಪತ್ರವನ್ನೂ ಪಡೆದಿರಲಿಲ್ಲ. ಸುರಕ್ಷತೆ ಸರಿಯಿಲ್ಲ ಎಂದು ಅದರ ಹಿರಿಯ ನೌಕರರೊಬ್ಬರು 2018ರಲ್ಲೇ ಬರೆದು ಕೊಟ್ಟಿದ್ದರು, ಅವರನ್ನೇ ಕೆಲಸದಿಂದ ತೆಗೆದರು. ತಪ್ಪಿಸಬಹುದಾಗಿದ್ದ ಸಾವುಗಳು ಎಂದು ಅಮೆರಿಕದ ಕೋಸ್ಟ್ ಗಾರ್ಡ್ ತನಿಖೆ ಹೇಳಿತು.

ಇದನ್ನು ಓದುವಾಗ ನಮಗೆ ನಮ್ಮ ಹೊಲಗಳೇ ನೆನಪಾದವು. ಸ್ಟಾರ್ಟರ್ ಡಬ್ಬಿಯ ಬಾಗಿಲು ಮುರಿದಿದೆ, ಅರ್ಥಿಂಗ್ ತಂತಿ ಎಂದೋ ತುಂಡಾಗಿದೆ, ಕೇಬಲ್ ಜಾಯಿಂಟಿಗೆ ಟೇಪಿನ ಬದಲು ಪ್ಲಾಸ್ಟಿಕ್ ಚೀಲ ಸುತ್ತಿದೆ. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂತೆಂದು ಹಸಿ ನೆಲದಲ್ಲಿ ಬರಿಗಾಲಲ್ಲಿ ಹೋಗಿ ಬಟನ್ ಒತ್ತುವ ಮನುಷ್ಯನಿಗೂ ಸಾವು ಅಷ್ಟೇ ಹತ್ತಿರ. ಇಂಥ ಸಾವುಗಳನ್ನು ನಾವು ವರದಿ ಮಾಡಿದ್ದೇವೆ. ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ, 'ವಿದ್ಯುತ್ ತಗುಲಿ ರೈತ ಸಾವು' ಎಂದು. ಟೈಟನ್‌ನ ಐವರ ಬಗ್ಗೆ ಜಗತ್ತು ವರ್ಷಗಟ್ಟಲೆ ತನಿಖೆ ಮಾಡಿತು. ಅದು ಸರಿಯೇ. ಆದರೆ ನೀರು ಮತ್ತು ಕರೆಂಟ್ ಸೇರುವಲ್ಲಿ ಸಾಯುವ ಒಬ್ಬ ರೈತನ ಜಾಯಿಂಟ್ ಯಾಕೆ ಕೆಟ್ಟಿತು ಎಂದು ಯಾರೂ ಬಿಚ್ಚಿ ನೋಡುವುದಿಲ್ಲ.

ಆಳಕ್ಕೆ ಹೋಗಿ ತರುವುದೇನು?

ಇನ್ನೊಂದು ಮಾತು ಹೇಳದೆ ಈ ಇತಿಹಾಸ ಮುಗಿಯುವುದಿಲ್ಲ. ಮೋಟರ್ ಗಟ್ಟಿಯಾದಷ್ಟೂ ನಾವು ಇನ್ನಷ್ಟು ಆಳಕ್ಕೆ ಹೋದೆವು. ಆಳ ಹೋದದ್ದು ಮೋಟರಿನ ತಪ್ಪಲ್ಲ. ಆದರೆ ನೀರು ತುಂಬುವ ವೇಗಕ್ಕೂ ನಾವು ಎತ್ತುವ ವೇಗಕ್ಕೂ ತಾಳೆ ಇದೆಯೇ ಎಂದು ಕೇಳುವವರು ಇರಲಿಲ್ಲ. ಬತ್ತಿದ ಬೋರಿನ ಪಕ್ಕ ಇನ್ನೊಂದು ಬೋರು ಕೊರೆಸಿ ಸಾಲಗಾರರಾದ ಮನೆಗಳು ನಮ್ಮ ಪ್ರತಿ ಹಳ್ಳಿಯಲ್ಲೂ ಇವೆ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆರೆಗೆ ಬಂದ ಮೇಲೆ ಹಳೆಯ ಬೋರಿಗೆ ಮತ್ತೆ ಜೀವ ಬಂತು ಎಂದು ರೈತರು ನಮಗೆ ಹೇಳಿದ್ದಾರೆ. ಆಳಕ್ಕೆ ಇಳಿಯುವುದಕ್ಕಿಂತ ಮೇಲೆ ತುಂಬುವುದು ಮುಖ್ಯ ಎಂಬ ಆದಿಲ್‌ಶಾಹಿ ಕಾಲದ ಬುದ್ಧಿ ನಮಗೆ ಸುತ್ತಿ ಬಳಸಿ ಮರಳಿತು.

ಕಡಲ ತಳದ ಗಂಟುಗಳ ಕಥೆಯೂ ಹಾಗೆಯೇ ಆಗಬಾರದು. ಭಾರತದ ಪಾಲಿನ ಜಾಗದಲ್ಲಿ 38 ಕೋಟಿ ಟನ್ ಗಂಟು ಇದೆ ಎಂಬುದು ಸರ್ಕಾರದ ಅಂದಾಜು. ಬ್ಯಾಟರಿಗೆ, ಮೋಟರಿಗೆ ಬೇಕಾದ ಲೋಹವೇ ಅದರಲ್ಲಿರುವುದು. ಆದರೆ ಒಂದು ಗಂಟು ಕೆಲವು ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು. ಅದರ ಮೇಲೆಯೇ ಬದುಕುವ ಜೀವಿಗಳನ್ನು ಇನ್ನೂ ಪೂರ್ತಿ ಎಣಿಸಿಲ್ಲ. ಸದ್ಯಕ್ಕೆ ತಳ ಕೆದರುವುದು ಬೇಡ ಎಂದು ಮೂವತ್ತಕ್ಕೂ ಹೆಚ್ಚು ದೇಶಗಳು ಹೇಳುತ್ತಿವೆ. ನಮ್ಮವರನ್ನು ನಾಟಿಲ್‌ನಲ್ಲಿ ಇಳಿಸಿದ ಫ್ರಾನ್ಸ್ ಕೂಡ ಅದರಲ್ಲಿ ಒಂದು. ನೋಡಲು ಇಳಿಯುವುದು ಬೇರೆ, ಬಾಚಲು ಇಳಿಯುವುದು ಬೇರೆ. ಬೋರಿನ ವಿಷಯದಲ್ಲಿ ನಾವು ನೋಡುವ ಮೊದಲೇ ಬಾಚಿದೆವು. ಅದರ ಫಲ ಉಂಡವರು ನಾವೇ, ಆದ್ದರಿಂದ ಹೇಳುವ ಹಕ್ಕೂ ನಮಗಿದೆ.

ಮತ್ತೆ ಅಂಗಡಿಗೆ

ಓದಿದ್ದನ್ನೆಲ್ಲ ಹೇಳಲು ನಾವು ಮತ್ತೆ ಜಲನಗರಕ್ಕೆ ಹೋದೆವು. ಆಯಿಲ್ ತುಂಬುತ್ತಾರೆ ಎಂದಾಗ ಕಾಕಾ ತಲೆಯಾಡಿಸಿದರು, "ನಾ ಅಂದಕೊಂಡಿದ್ದೆ" ಅನ್ನುವ ಹಾಗೆ. ಪಕ್ಕದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುವವನು, ಸಂಜೆ ಹೊತ್ತು ಅಂಗಡಿಗೆ ಬರುತ್ತಾನೆ. "ಸರ, ನಮ್ಮಂಥವರನ್ನ ಅಲ್ಲಿ ತಗೋತಾರೇನ್ರಿ?" ಎಂದ.

ಡಿಪ್ಲೊಮಾ ಆದ ಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು, ಚೆನ್ನೈನ ಸಂಸ್ಥೆ ಕೆಲಸಕ್ಕೆ ಜಾಹೀರಾತು ಕೊಡುತ್ತದೆ, ಅದನ್ನು ನೋಡುತ್ತಿರು ಎಂದು ನಮಗೆ ತಿಳಿದಷ್ಟು ಹೇಳಿದೆವು. ಹೇಳುವಾಗ ಒಂದು ಸಂಗತಿ ಮನಸ್ಸಿಗೆ ಬಂತು. ಆಳ ಸಮುದ್ರಕ್ಕೆ ಬೇಕಾದ ಎಂಜಿನಿಯರ್‌ಗೆ ಪುಸ್ತಕದ ಲೆಕ್ಕ ಬೇಕು, ಅದು ಕಾಲೇಜಿನಲ್ಲಿ ಸಿಗುತ್ತದೆ. ಆದರೆ ಜಾಯಿಂಟ್ ಮೇಲೆ ಅನುಮಾನ ಪಡುವ ಕೈ ಕೂಡ ಬೇಕು. ಆ ಕೈ ಈ ಹುಡುಗನಿಗೆ ಈಗಾಗಲೇ ಬಂದಿದೆ.

ಕಾಕಾ ನಮ್ಮ ಮಾತು ಮುಗಿಯಲು ಬಿಡಲಿಲ್ಲ. "ತಮ್ಮಾ, ಮೊದಲ ಈ ಮೋಟರಿಗೆ ನೀರು ತುಂಬು. ಗಾಳಿ ಉಳಿಬಾರದು ನೋಡು. ತಿಕೋಟಾದವರು ಬೆಳಗಿನಿಂದ ಕೂತಾರ" ಎಂದರು. ಹುಡುಗ ಮೋಟರನ್ನು ನೆಟ್ಟಗೆ ನಿಲ್ಲಿಸಿ, ಕೊನೆಯ ಗುಳ್ಳೆ ಹೋಗುವ ತನಕ ನಿಧಾನವಾಗಿ ನೀರು ಸುರಿದ.